ಮೂಗು ಮುರಿಯಬೇಡಿ, ಬಣ್ಣ ನೋಡಿ!

ಬೆಳಿಗ್ಗೆ ಏಳೂಕಾಲು ಗಂಟೆ. ಒಂದು ಒಲೆ ಮೇಲೆ ಹಾಲು, ಇನ್ನೊಂದರ ಮೇಲೆ ಕುಕ್ಕರ್, ಕೈಯಲ್ಲಿ ಮಗಳ ಟಿಫನ್ ಬಾಕ್ಸ್. ಸ್ಕೂಲ್ ವ್ಯಾನ್ ಬರೋಕೆ ಇನ್ನು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಟಾಯ್ಲೆಟ್‌ನಿಂದ "ಅಮ್ಮಾ, ರಕ್ತಾ!" ಅಂತ ಮಗಳು ಕಿರುಚಿದರೆ ನಿಮಗೆ ಹೇಗಾಗಬಹುದು ಹೇಳಿ? ನನಗಂತೂ ಕೈಕಾಲೇ ಆಡಲಿಲ್ಲ. ಓಡಿಹೋಗಿ ನೋಡಿದರೆ ಕಮೋಡಿನ ತುಂಬಾ ಕೆಂಪು. ಏಳು ವರ್ಷದ ಮಗು ಮುಖ ಸಣ್ಣ ಮಾಡಿಕೊಂಡು ಕೂತಿದೆ. ಹಾಲು ಉಕ್ಕಿ ಒಲೆಯೆಲ್ಲಾ ಹರಿಯಿತು, ವ್ಯಾನ್ ಬಂದು ಹಾರ್ನ್ ಹೊಡೆದು ಹೋಯಿತು. ನಮ್ಮೆಜಮಾನ್ರು ಸ್ಕೂಟರ್ ಕೀ ಹುಡುಕ್ತಾ ಇದ್ದಾರೆ, ನಾನು ಮಗಳಿಗೆ ಸ್ವೆಟರ್ ಹಾಕ್ತಾ ಇದ್ದೀನಿ.

ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡಿದರು, ನಾಲಿಗೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ, "ನಿನ್ನೆ ಏನಮ್ಮಾ ಅಡುಗೆ?"

ಬೀಟ್‌ರೂಟ್ ಪಲ್ಯ! ರಾತ್ರಿ ಚಪಾತಿಗೆ ಅಂತ ಮಾಡಿದ್ದೆ. ಮಗಳು ಎಂದೂ ಇಲ್ಲದ್ದು ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. ತರಕಾರಿ ತಿಂದಳಲ್ಲಾ ಅಂತ ನಾನು ಖುಷಿ ಪಟ್ಟುಕೊಂಡು ಮಲಗಿದ್ದೆ. ಡಾಕ್ಟರು ನಕ್ಕರು, ನಾನೂ ನಕ್ಕೆ, ಫೀಸು ಕೊಟ್ಟು ಮನೆಗೆ ಬಂದೆವು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೀತಾ ಇರಲಿಲ್ಲ. ಈ ಕತೆಗೆ ಇನ್ನೊಂದು ಭಾಗ ಇದೆ. ಅದು ನಡೆದಿದ್ದು ನಮ್ಮತ್ತೆಯ ಊರು ಕಬ್ಬಾಳಿನಲ್ಲಿ. ಅಲ್ಲಿ ಯಾರೂ ಕಿರುಚಲಿಲ್ಲ, ಯಾರೂ ಓಡಲಿಲ್ಲ. ಅಲ್ಲೇ ನಾವು ಎಡವಿದ್ದು. ಅದನ್ನು ಹೇಳೋ ಮೊದಲು ಸ್ವಲ್ಪ ವಿಷಯ ತಿಳ್ಕೊಳ್ಳೋಣ. ಇದೇನಪ್ಪಾ, ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಲ್ಲಿ ಇಂಥ ವಿಷಯ ಅಂತ ಮುಖ ಕಿವುಚಬೇಡಿ. ಮಗು ಹುಟ್ಟಿದ ಮೊದಲ ವರ್ಷ ನಾವು ದಿನಕ್ಕೆ ಆರು ಸಲ ಇದನ್ನೇ ನೋಡಿ, ಅತ್ತೆಗೆ ತೋರಿಸಿ, ತಾಯಿಗೆ ಫೋನ್ ಮಾಡಿ ವರ್ಣಿಸಿದವರೇ ಅಲ್ವಾ? ಮಗು ದೊಡ್ಡದಾದ ಕೂಡಲೇ ಅದು ಹೇಗೆ ಹೇಸಿಗೆ ಆಗಿಬಿಡುತ್ತೋ ಗೊತ್ತಿಲ್ಲ. ನಮ್ಮದನ್ನಂತೂ ನಾವು ತಿರುಗಿ ನೋಡೋದೇ ಇಲ್ಲ, ಫ್ಲಶ್ ಒತ್ತಿ ಬಂದುಬಿಡ್ತೀವಿ.

ಕಂದು ಬಣ್ಣ ಎಲ್ಲಿಂದ ಬರುತ್ತೆ?

ನಾವು ಅನ್ನ ತಿನ್ನಲಿ, ಮುದ್ದೆ ತಿನ್ನಲಿ, ದೋಸೆ ತಿನ್ನಲಿ, ಮಾಮೂಲಿಯಾಗಿ ಕೊನೆಗೆ ಬರೋದು ಕಂದು ಬಣ್ಣವೇ. ಯಾಕೆ ಗೊತ್ತಾ? ಆ ಬಣ್ಣ ಊಟದ್ದಲ್ಲ, ನಮ್ಮ ರಕ್ತದ್ದು! ರಕ್ತದ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ. ಹಳೆಯವು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತೆ. ಲಿವರ್ ಅದನ್ನು ಪಿತ್ತರಸದ ಜೊತೆ ಕರುಳಿಗೆ ಸುರಿಯುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾಗಳು ಅದನ್ನು ಬದಲಾಯಿಸುತ್ತಾ ಹೋಗಿ ಕೊನೆಗೆ ಸ್ಟರ್ಕೋಬಿಲಿನ್ ಅನ್ನೋ ಕಂದು ಬಣ್ಣ ಮಾಡ್ತವೆ. ಅಂದರೆ ಕಂದು ಬಣ್ಣ ಬಂತು ಅಂದರೆ ಲಿವರ್ ಕೆಲಸ ಮಾಡ್ತಿದೆ, ಪಿತ್ತದ ನಾಳ ತೆರೆದಿದೆ, ಕರುಳು ತನ್ನ ಪಾಡಿಗೆ ತಾನು ನಡೀತಿದೆ ಅಂತ ಅರ್ಥ. ತಿಳಿ ಕಂದು, ಗಾಢ ಕಂದು, ಸ್ವಲ್ಪ ಹಳದಿ ಕಲೆತದ್ದು, ಸ್ವಲ್ಪ ಹಸಿರು ಕಲೆತದ್ದು ಎಲ್ಲಾ ಸರಿಯೇ. ದಿನಾ ಒಂದೇ ಬಣ್ಣ ಇರಬೇಕು ಅಂತೇನೂ ಇಲ್ಲ. ನಮ್ಮ ಅಡುಗೆ ದಿನಾ ಒಂದೇ ಇರುತ್ತಾ?

ಬೀಟ್‌ರೂಟಿನಲ್ಲಿ ಬೀಟಾನಿನ್ ಅನ್ನೋ ಕೆಂಪು ಇದೆ. ಅದು ಕೆಲವರ ಹೊಟ್ಟೆಯಲ್ಲಿ ಪೂರ್ತಿ ಕರಗುತ್ತೆ, ಕೆಲವರಲ್ಲಿ ಹಾಗೇ ಹೊರಗೆ ಬರುತ್ತೆ. ನೂರಕ್ಕೆ 10ರಿಂದ 14 ಮಂದಿಗೆ ಮೂತ್ರ ಕೂಡ ಗುಲಾಬಿಯಾಗುತ್ತಂತೆ. ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇರೋರಿಗೆ ಹೀಗಾಗೋದು ಜಾಸ್ತಿ. ಹಾಗಾಗಿ ಬೀಟ್‌ರೂಟ್ ತಿಂದಾಗೆಲ್ಲಾ ಮೂತ್ರ ಕೆಂಪಾದರೆ ಒಂದು ಸಲ ಹಿಮೋಗ್ಲೋಬಿನ್ ನೋಡಿಸಿಕೊಳ್ಳೋದು ಒಳ್ಳೇದು. ಕೆಂಪು ದಂಟಿನ ಸೊಪ್ಪಲ್ಲೂ ಇದೇ ಜಾತಿಯ ಬಣ್ಣವೇ ಇರೋದು. ಬೇಯಿಸಿದ ನೀರೇ ಕೆಂಪಾಗೋದು ನೋಡಿದ್ದೀರಲ್ಲ? ಈಗ ಅಂಗಡಿಗಳಲ್ಲೆಲ್ಲಾ ಸಿಗೋ ಒಳಗೆ ಕೆಂಪಿರೋ ಡ್ರ್ಯಾಗನ್ ಫ್ರೂಟ್ ಕೂಡ ಹೀಗೇ ಹೆದರಿಸುತ್ತೆ. ಟೊಮೆಟೊ ಸಿಪ್ಪೆ, ಕಲ್ಲಂಗಡಿ ಹಣ್ಣಿನ ಚೂರುಗಳು ಅರಗದೆ ಬಂದಾಗಲೂ ರಕ್ತದ ಹನಿಗಳ ಹಾಗೆ ಕಾಣಬಹುದು.

ಸೊಪ್ಪಿನ ಹಸಿರು ಎಲ್ಲರಿಗೂ ಗೊತ್ತೇ ಇದೆ. ಪಾಲಕ್, ನುಗ್ಗೆಸೊಪ್ಪು, ಸಬ್ಬಸಿಗೆ ಜೋರಾಗಿ ತಿಂದ ಮರುದಿನ ಹಸಿರು ಕಂಡರೆ ಆಶ್ಚರ್ಯ ಬೇಡ. ಆದರೆ ಸೊಪ್ಪೇ ತಿನ್ನದೆ ಹಸಿರಾದರೆ? ಪಿತ್ತರಸ ಹುಟ್ಟಾ ಹಸಿರು ಹಳದಿ. ಅದು ಕಂದಾಗೋಕೆ ಕರುಳಿನಲ್ಲಿ ಒಂದಷ್ಟು ಹೊತ್ತು ಇರಬೇಕು. ಭೇದಿ ಆದಾಗ ಎಲ್ಲಾ ಬಿರಬಿರನೆ ಓಡಿಬಂದುಬಿಡುತ್ತೆ, ಬಣ್ಣ ಬದಲಾಗೋಕೆ ಪುರಸೊತ್ತೇ ಸಿಗಲ್ಲ. ಎಳೆ ಮಕ್ಕಳಿಗೆ ಹಸಿರು ಭೇದಿ ಆದಾಗ ದೃಷ್ಟಿ ಆಗಿದೆ, ಶೀತ ಆಗಿದೆ ಅಂತ ನಮ್ಮಜ್ಜಿಯರು ನಿವಾಳಿಸಿ ಹಾಕ್ತಿದ್ದರು. ನಿವಾಳಿಸಿ, ಬೇಡ ಅನ್ನಲ್ಲ. ಜೊತೆಗೆ ಓಆರ್‌ಎಸ್ ಕುಡಿಸೋದು ಮರೀಬೇಡಿ. ಭೇದಿಯಾದ ಮಗುವಿಗೆ 14 ದಿನ ಜಿಂಕ್ ಮಾತ್ರೆಯನ್ನೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡ್ತಾರೆ. ಭೇದಿ ನಿಂತಿತು ಅಂತ ಮೂರೇ ದಿನಕ್ಕೆ ಬಿಡಬೇಡಿ, ಪೂರ್ತಿ ಕೊಡಿ.

ಇನ್ನೊಂದು ಹಸಿರಿದೆ. ಹುಟ್ಟುಹಬ್ಬದ ಕೇಕಿನ ಮೇಲಿನ ಆ ಕಡುನೀಲಿ ಕ್ರೀಮು! ಮಗಳ ಗೆಳತಿಯ ಪಾರ್ಟಿ ಮುಗಿದ ಮಾರನೇ ದಿನ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಿಂದ ಫೋನು. ನಾಲ್ಕೂ ಮಕ್ಕಳದ್ದು ಗಿಳಿ ಹಸಿರು. ನೀಲಿ ಬಣ್ಣ ಪಿತ್ತದ ಹಳದಿ ಜೊತೆ ಸೇರಿದರೆ ಹಸಿರೇ ತಾನೇ ಆಗಬೇಕು? ಡ್ರಾಯಿಂಗ್ ಕ್ಲಾಸಿಗೆ ಹೋಗೋ ನನ್ನ ಮಗಳೇ ಇದನ್ನು ಬಿಡಿಸಿ ಹೇಳಿದ್ದು.

ನೇರಳೆ ಹಣ್ಣು, ಕಪ್ಪು ದ್ರಾಕ್ಷಿ ಜಾಸ್ತಿ ತಿಂದರೆ ಕಪ್ಪುನೀಲಿ. ನಮ್ಮ ಕಬ್ಬಾಳಿನ ಕಡೆ ರೇಷ್ಮೆ ಜಾಸ್ತಿ, ಹಾಗಾಗಿ ಹಿಪ್ಪುನೇರಳೆ ತೋಟಗಳೂ ಜಾಸ್ತಿ. ರಜಕ್ಕೆ ಹೋದ ಮಕ್ಕಳು ತೋಟಕ್ಕೆ ನುಗ್ಗಿ ಆ ಕಪ್ಪು ಹಣ್ಣು ಕಿತ್ತು ಕಿತ್ತು ತಿಂದು ಬಾಯಿ, ಕೈ, ಅಂಗಿ ಎಲ್ಲಾ ಬಣ್ಣ ಮಾಡ್ಕೊಂಡು ಬರ್ತಾರೆ. ಮಾರನೇ ದಿನ ಅದರ ಉಳಿದ ಲೆಕ್ಕ ಸಿಗುತ್ತೆ. ಅಂದಹಾಗೆ ಮಗುವಿಗೆ ರಾಗಿಸರಿ ಶುರು ಮಾಡಿದ ಹೊಸದರಲ್ಲೂ ಬಣ್ಣ ಗಾಢವಾಗುತ್ತೆ, ಗಾಬರಿಯಾಗಿ ಸರಿ ನಿಲ್ಲಿಸಿಬಿಡಬೇಡಿ.

"ಸೊಪ್ಪಿನ ಸಾರು ಉಂಡಿದ್ನಲ್ಲವ್ವ"

ಕಬ್ಬಾಳು ಗೊತ್ತಲ್ವಾ? ಕನಕಪುರ ತಾಲ್ಲೂಕು, ಸಾತನೂರು ಹತ್ತಿರ. ಕಬ್ಬಾಳಮ್ಮನ ದೇವಸ್ಥಾನಕ್ಕೆ ಬೆಂಗಳೂರಿಂದ, ಮಂಡ್ಯದಿಂದ, ಎಲ್ಲೆಲ್ಲಿಂದಲೋ ಜನ ಬರ್ತಾರೆ. ಊರಿನ ಮೇಲೇ ಕಾವಲಿಗೆ ನಿಂತ ಹಾಗೆ ಕಬ್ಬಾಳದುರ್ಗ. ಹಿಂದೆ ಆ ಬೆಟ್ಟದ ಕೋಟೆಯಲ್ಲಿ ರಾಜಕೈದಿಗಳನ್ನು ಇಡ್ತಿದ್ದರಂತೆ. ಅಲ್ಲಿನ ಹವಾ, ನೀರು ಹೊಟ್ಟೆಗೆ ಆಗಿಬರ್ತಿರಲಿಲ್ಲ, ಮೇಲೆ ಹೋದ ಕೈದಿ ಕೆಳಗೆ ಬರ್ತಿರಲಿಲ್ಲ ಅಂತ ಹಳಬರು ಹೇಳ್ತಾರೆ. ಈಗ ಹುಡುಗರು ಶನಿವಾರ ಭಾನುವಾರ ನೀರಿನ ಬಾಟಲ್ ಹಿಡಿದು ಟ್ರೆಕ್ಕಿಂಗ್ ಹೋಗ್ತಾರೆ ಬಿಡಿ.

ನಮ್ಮತ್ತೆಗೆ ಅರವತ್ನಾಲ್ಕು. ಜೀವಮಾನವೆಲ್ಲಾ ರೇಷ್ಮೆಹುಳ ಮೇಯಿಸಿದವರು, ಕೂತು ಎದ್ದು ಮಂಡಿ ಸವೆದುಹೋಗಿದೆ. ಬೆಂಗಳೂರಿಗೆ ಬನ್ನಿ ಅಂದರೆ, "ನಿಮ್ಮೂರಲ್ಲಿ ಉಸ್ರು ಕಟ್ತದೆ ಕಣವ್ವ" ಅಂತಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿಂದ ಮಾತ್ರೆ ತರಿಸಿಕೊಂಡು ತಿನ್ನೋದು ಅಭ್ಯಾಸ. ಮೊದಲು ದಿನಕ್ಕೆ ಒಂದು, ಆಮೇಲೆ ಎರಡು. ಕಾಫಿ ಜೊತೆಗೆ ಬರೀ ಹೊಟ್ಟೇಲಿ. ಹೀಗೆ ತಿಂಗಳುಗಟ್ಟಲೆ ನಡೆದಿದೆ. ನಮಗೆ ಯಾರಿಗೂ ಲೆಕ್ಕವಿಲ್ಲ.

ಮೂರು ವರ್ಷದ ಹಿಂದೆ ಒಂದು ದಿನ ಫೋನಿನಲ್ಲಿ ಮಾತಾಡ್ತಾ, "ಯಾಕೋ ಹೊರಕಡೆ ಹೋದ್ರೆ ಕರ್ರಗೆ ಬತ್ತದೆ ಕಣವ್ವ" ಅಂದರು. ಅದಕ್ಕೆ ಹಿಂದಿನ ತಿಂಗಳು ಸುಸ್ತು ಅಂತ ಆರೋಗ್ಯ ಕೇಂದ್ರಕ್ಕೆ ಹೋಗಿದ್ದಾಗ ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನನಗೆ ಗೊತ್ತಿತ್ತಲ್ಲ! ನಾನು ಬಸುರಿಯಾಗಿದ್ದಾಗ ನನಗೂ ಹಾಗೇ ಆಗಿತ್ತು. ದೊಡ್ಡ ಡಾಕ್ಟರ ಹಾಗೆ, "ಅತ್ತೆ, ಅದು ಐರನ್ ಮಾತ್ರೆಯಿಂದ. ಎಲ್ಲರಿಗೂ ಹಾಗೇ ಆಗೋದು, ಏನೂ ಯೋಚನೆ ಮಾಡಬೇಡಿ" ಅಂದೆ. ಅವರೂ ಸುಮ್ಮನಾದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಅದೇ ಅಪಾಯ ನೋಡಿ.

ಹದಿನೈದು ದಿನ ಬಿಟ್ಟು ಹರಕೆ ತೀರಿಸೋಕೆ ಅಂತ ಊರಿಗೆ ಹೋದೆವು. ಅತ್ತೆಯ ಮುಖ ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ತುಟಿ, ಉಗುರು, ಅಂಗೈ ಎಲ್ಲಾ ಸುಣ್ಣ. ಹಜಾರದಿಂದ ಅಡುಗೆಮನೆಗೆ ಹೋಗೋಕೆ ಗೋಡೆ ಹಿಡೀತಿದ್ದಾರೆ, ಏದುಸಿರು. "ಏನಾಗಿಲ್ಲ ಬುಡವ್ವ" ಅಂತಾರೆ. ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದೆ. ನಾನು ಕೇಳಿದ್ದಕ್ಕೆಲ್ಲಾ ಅವರ ಹತ್ತಿರ ಉತ್ತರ ಇತ್ತು. ಮೊನ್ನೆ ಯಾಕೆ ಕಪ್ಪು? ನೆಂಟರ ಮನೆ ಹರಕೆ ಊಟದಲ್ಲಿ ರಕ್ತದ ಪಲ್ಯ ತಿಂದಿದ್ದೆ. ಅದಕ್ಕೆ ಮುಂಚೆ? "ಸೊಪ್ಪಿನ ಸಾರು ಉಂಡಿದ್ನಲ್ಲವ್ವ." ಅದಕ್ಕೂ ಮುಂಚೆ? "ನೀನೇ ಯೋಳಿದ್ಯಲ್ಲ, ಮಾತ್ರೆಯಿಂದ ಅಂತ."

ಕೊನೆಗೆ ಕೇಳಿದೆ, "ಅತ್ತೆ, ನೀರು ಹಾಕಿದರೆ ಹೋಗುತ್ತಾ?"

"ಎಲ್ಲೋಯ್ತದೆ? ರೋಡಿಗೆ ಬುಡೋ ಡಾಂಬರಂಗೆ ಅಂಟ್ಕೊಂತದೆ. ಆ ವಾಸ್ನೆ ನಾಯಿನೂ ಮೂಸಲ್ಲ."

ಹರಕೆ ಆಮೇಲೆ ನೋಡೋಣ ಅಂತ ಅವತ್ತೇ ಕಾರು ಹತ್ತಿಸಿಕೊಂಡು ಬೆಂಗಳೂರಿಗೆ ಬಂದೆವು. ಹಿಮೋಗ್ಲೋಬಿನ್ ಆರು. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ಎರಡು ಬಾಟಲ್ ರಕ್ತ ಕೊಟ್ಟು, ಮಾರನೇ ದಿನ ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯೊಳಗೆ ಹುಣ್ಣು, ಅದರಿಂದ ನಿಧಾನಕ್ಕೆ ರಕ್ತ ಜಿನುಗುತ್ತಲೇ ಇತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಏನಾಗ್ತಿತ್ತೋ ಅಂತ ಡಾಕ್ಟರು ಅಂದಾಗ ನಾನು ನೆಲ ನೋಡ್ತಾ ನಿಂತಿದ್ದೆ. ನಮ್ಮೆಜಮಾನ್ರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆ ಮಂಡಿನೋವಿನ ಮಾತ್ರೆ ಇದೆಯಲ್ಲ, ಡೈಕ್ಲೋಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯವು, ಅವು ನೋವು ಹುಟ್ಟಿಸೋ ರಾಸಾಯನಿಕವನ್ನು ತಡೆಯುತ್ತವೆ. ಜಠರದ ಗೋಡೆಯನ್ನು ಆಮ್ಲದಿಂದ ಕಾಯೋದೂ ಅದೇ ಜಾತಿಯ ರಾಸಾಯನಿಕ. ನೋವಿನ ಜೊತೆ ಕಾವಲೂ ಹೋಯಿತು. ಹಾಗಾಗಿ ಊಟ ಮಾಡಿ ತಗೊಂಡರೆ ಏನೂ ಆಗಲ್ಲ ಅನ್ನೋದು ಪೂರ್ತಿ ಸರಿಯಲ್ಲ. ಜೊತೆಗೆ ಅತ್ತೆಯ ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾನೂ ಸಿಕ್ಕಿತು. ಹೊಟ್ಟೆ ಹುಣ್ಣು ಅಂದರೆ ಖಾರ ತಿಂದಿದ್ದು, ಚಿಂತೆ ಮಾಡಿದ್ದು ಅಂತಲೇ ನಾವೆಲ್ಲಾ ಅಂದುಕೊಂಡಿದ್ದೆವು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನೋ ಡಾಕ್ಟರು 1984ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದರು! ಅವರಿಗೂ ಜೊತೆಗಾರ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ನಮ್ಮತ್ತೆಗೆ 14 ದಿನ ಆಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸೋ ಮಾತ್ರೆ ಕೊಟ್ಟರು. ಹುಣ್ಣು ವಾಸಿಯಾಯಿತು. ಮಂಡಿಗೆ ಈಗ ಬೇರೆ ಔಷಧಿ, ವ್ಯಾಯಾಮ ಮತ್ತು ಗೊಣಗಾಟ.

ಹಾಗಾದರೆ ಕಪ್ಪಲ್ಲಿ ಎರಡು ಜಾತಿ. ಗಮನವಿಟ್ಟು ಓದಿ, ಈ ಲೇಖನ ಬರೆದಿದ್ದೇ ಇದಕ್ಕೋಸ್ಕರ. ಐರನ್ ಮಾತ್ರೆಯ ಕಪ್ಪು ಹಸಿರು ಕಲೆತ ಕಪ್ಪು, ಆಕಾರ ಮಾಮೂಲಿ, ವಾಸನೆಯೂ ಮಾಮೂಲಿ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗ್ತಿದೆ ಅಷ್ಟೇ. ರಕ್ತದ ಕಪ್ಪು ಡಾಂಬರಿನ ಹಾಗೆ, ಹೊಳಪು, ಮೆತ್ತಗೆ, ಅಂಟು. ನೀರು ಹಾಕಿದರೂ ಬೇಗ ಬಿಡಲ್ಲ, ವಾಸನೆ ಸಹಿಸೋಕಾಗಲ್ಲ. ಜಠರದಲ್ಲಿ ಸೋರಿದ ರಕ್ತ ಆಮ್ಲದಲ್ಲಿ ಬೆಂದು, ಅಷ್ಟುದ್ದ ಕರುಳಲ್ಲಿ ಹಾದು ಬರೋ ಹೊತ್ತಿಗೆ ಕೆಂಪು ಹೋಗಿ ಕಪ್ಪಾಗಿರುತ್ತೆ. 50ರಿಂದ 100 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು ರಕ್ತ ಸೋರಿದರೂ ಸಾಕು ಹೀಗಾಗೋಕೆ. ಜೊತೆಗೆ ಎದ್ದರೆ ತಲೆಸುತ್ತು, ಏದುಸಿರು, ಎದೆ ಡವಡವ, ಹೊಟ್ಟೆ ಉರಿ ಇದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ. ಐರನ್ ಮಾತ್ರೆ ತಿನ್ನೋರಿಗೆ ಎರಡೂ ಒಟ್ಟಿಗೇ ಇರಬಹುದು ಅನ್ನೋದನ್ನು ನಾನು ಬೆಲೆ ಕೊಟ್ಟು ಕಲಿತೆ. ರಕ್ತ ಯಾಕೆ ಕಮ್ಮಿ ಆಯಿತು ಅಂತ ಕೇಳದೆ ಮಾತ್ರೆ ನುಂಗೋದು, ಸೋರೋ ಬಿಂದಿಗೆಗೆ ನೀರು ತುಂಬಿದ ಹಾಗೆ.

ಹಾಗಂತ ಐರನ್ ಮಾತ್ರೆಗೆ ಹೆದರಿ ಬಿಡಬೇಡಿ ಮತ್ತೆ! ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ ಅಂತ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಬಸುರಿಯರಿಗೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ಕೆಂಪು ಮಾತ್ರೆ ಸರ್ಕಾರವೇ ಕೊಡುತ್ತೆ. ನನ್ನ ನಾದಿನಿ ಕಪ್ಪಗೆ ಬರ್ತಿದೆ, ಮಗು ಕಪ್ಪಾಗುತ್ತೆ ಅಂತ ಅದನ್ನು ತೆಂಗಿನ ಬುಡಕ್ಕೆ ಹಾಕ್ತಿದ್ದಳು! ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಫಿ, ಟೀ, ಹಾಲಿನ ಜೊತೆ ಬೇಡ, ನಿಂಬೆ ಪಾನಕದ ಜೊತೆ ತಗೊಳ್ಳಿ, ಚೆನ್ನಾಗಿ ಮೈಗೆ ಹತ್ತುತ್ತೆ.

ಕೆಂಪಾದರೆ?

ಬೀಟ್‌ರೂಟ್ ತಿಂದಿಲ್ಲ, ಡ್ರ್ಯಾಗನ್ ಫ್ರೂಟ್ ತಿಂದಿಲ್ಲ, ಆದರೂ ಕೆಂಪು ಅಂದರೆ ಅದು ರಕ್ತವೇ ಅಂತ ಇಟ್ಟುಕೊಳ್ಳಿ. ಕೆಳಗಿನ ಕರುಳಿಂದಲೋ ಗುದದ್ವಾರದಿಂದಲೋ ಬಂದ ರಕ್ತಕ್ಕೆ ಕಪ್ಪಾಗೋಕೆ ಸಮಯ ಸಿಗದೆ ಕೆಂಪಾಗೇ ಬರುತ್ತೆ. ಮಲಬದ್ಧತೆಯಿಂದ ಬಿರುಕು ಬಿಟ್ಟಿದ್ದರೆ ಚೂರಿ ಹಾಕಿದ ಹಾಗೆ ನೋವು, ಮೂಲವ್ಯಾಧಿ ಆದರೆ ಬಹಳ ಸಲ ನೋವಿಲ್ಲದೆ ಹನಿ ಹನಿ. ಆಮಶಂಕೆ ಆದರೆ ಗೊಣ್ಣೆಯಂಥ ಲೋಳೆ ಜೊತೆಗೆ ರಕ್ತ, ಹೊಟ್ಟೆ ನುಲಿತ. ನಮ್ಮ ಹೆಂಗಸರು ಮಾಡೋ ತಪ್ಪೇನು ಗೊತ್ತಾ? ರಕ್ತ ಕಂಡರೆ ಪೈಲ್ಸ್ ಅಂತ ತಾವೇ ತೀರ್ಮಾನ ಮಾಡಿಕೊಂಡು, ಗಂಡನಿಗೂ ಹೇಳದೆ, ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ "ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ" ಅನ್ನೋ ಬೋರ್ಡಿನ ಮೊರೆ ಹೋಗೋದು. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಶುರುವಿನಲ್ಲಿ ಹೀಗೇ ಬರೋದು. ಬೇಗ ಸಿಕ್ಕರೆ ಅದು ಚೆನ್ನಾಗಿ ವಾಸಿಯಾಗೋ ಕಾಯಿಲೆ. ನಲವತ್ತೈದು ದಾಟಿದವರಿಗೆ ರಕ್ತ ಬಂದರೆ, ಹೊರಕ್ಕೆ ಹೋಗೋ ಅಭ್ಯಾಸವೇ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ನಾಚಿಕೆ ಬದಿಗಿಡಿ. ಲೇಡಿ ಡಾಕ್ಟರೇ ಬೇಕು ಅಂದರೆ ಲೇಡಿ ಡಾಕ್ಟರ ಹತ್ತಿರವೇ ಹೋಗಿ, ಆದರೆ ಹೋಗಿ. ಕಣ್ಣಿಗೆ ಕಾಣದ ರಕ್ತವನ್ನೂ ಹಿಡಿಯೋ ಮಲಪರೀಕ್ಷೆ ಇದೆ, ಅಂಥಾ ಖರ್ಚಿನದ್ದೂ ಅಲ್ಲ.

ಇನ್ನು ಬಣ್ಣದ ಡಬ್ಬಿಯ ಕೆಂಪು. ರಸ್ತೆ ಬದಿ ಗೋಬಿ ಮಂಚೂರಿ ತಿಂದ ಕೈ ಎರಡು ಸಲ ಸೋಪು ಹಾಕಿದರೂ ಕೆಂಪಗೇ ಇರ್ತಿತ್ತಲ್ಲ, ನೆನಪಿದೆಯಾ? 2024ರ ಮಾರ್ಚ್‌ನಲ್ಲಿ ರಾಜ್ಯ ಆರೋಗ್ಯ ಇಲಾಖೆ ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25ರಲ್ಲಿ 15 ಹಾಗೇ. ಅದರಲ್ಲಿದ್ದ ರೋಡಮಿನ್ ಬಿ ಬಟ್ಟೆಗೆ ಹಾಕೋ ಬಣ್ಣ ಕಣ್ರೀ! ಅವತ್ತಿಂದ ರಾಜ್ಯದಲ್ಲಿ ಗೋಬಿಗೂ ಬಾಂಬೆ ಮಿಠಾಯಿಗೂ ಅಂಥ ಬಣ್ಣ ಹಾಕೋದು ನಿಷೇಧ, ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ. ಮಗು ಜಾತ್ರೆಯಿಂದ ಬಂದು ಎರಡನೇ ದಿನ ಗುಲಾಬಿ ಬಣ್ಣ ತೋರಿಸಿದರೆ ರಕ್ತ ಅಂತ ಹೆದರೋದಕ್ಕಿಂತ, ತಿಂದದ್ದೇನು ಅಂತ ಕೇಳಿ. ಮನೆಯಲ್ಲಿ ಗೋಬಿ ಮಾಡೋದಾದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ. ಬಣ್ಣ ಬರುತ್ತೆ, ಖಾರವೂ ಹದವಾಗಿರುತ್ತೆ.

ಬಿಳಿ ಕಂಡರೆ ಕಾಯಬೇಡಿ

ಎಲ್ಲಾ ಬಣ್ಣಕ್ಕಿಂತ ಹೆದರಬೇಕಾದ್ದು ಬಣ್ಣವೇ ಇಲ್ಲದ್ದಕ್ಕೆ. ಸುಣ್ಣದ ಹಾಗೆ, ಜೇಡಿಮಣ್ಣಿನ ಹಾಗೆ ಬಿಳುಚಿಕೊಂಡಿದ್ದರೆ ಪಿತ್ತರಸ ಕರುಳಿಗೆ ಇಳೀತಾ ಇಲ್ಲ ಅಂತ. ದೊಡ್ಡವರಲ್ಲಿ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಕಾಮಾಲೆ ಇರಬಹುದು, ಕೆಲವೊಮ್ಮೆ ಗಂಟು. ಆಗ ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಗಾಢವಾಗುತ್ತೆ, ಮೈ ಕೆರೆತ, ಕಣ್ಣು ಹಳದಿ. ನಮ್ಮ ಕಡೆ ಕಾಮಾಲೆ ಅಂದ ಕೂಡಲೇ ನಾಟಿ ಔಷಧಿ. ಪಥ್ಯ ಮಾಡ್ತಾ ಎರಡು ಮೂರು ವಾರ ಕಳೆದುಬಿಡ್ತಾರೆ. ಕಲ್ಲು ಸಿಕ್ಕಿಕೊಂಡಿದ್ದರೆ ಯಾವ ಪಥ್ಯಕ್ಕೂ ಅದು ಜಗ್ಗಲ್ಲ. ಬರೀ ಮಾರ್ಜಿನ್ನು ಬೇರೆ, ಅಕ್ಕಿ ತೊಳೆದ ನೀರಿನ ಹಾಗೆ ಹೋಗ್ತಾ ಇದ್ದರೆ ಅದು ಬೇರೆ. ಅದು ಕಾಲರಾದ ಗುರುತು, ಗಂಟೆಗಳ ಲೆಕ್ಕ.

ಬಾಣಂತಿ ಇರೋ ಮನೆಯವರು ಇದನ್ನು ಕತ್ತರಿಸಿ ಇಟ್ಟುಕೊಂಡರೂ ಸರಿಯೇ. ಹುಟ್ಟಿದ ಮಗು ಮೊದಲೆರಡು ದಿನ ಕರಿಹಸಿರು ಅಂಟು ಹೋಗುತ್ತೆ, ಅದು ಸಹಜ. ಆಮೇಲೆ ಎದೆಹಾಲು ಕುಡಿಯೋ ಮಗು ಸಾಸಿವೆ ಹಳದಿ. ಮಗುವಿಗೆ ಸ್ವಲ್ಪ ಕಾಮಾಲೆ ಬಂದು ಒಂದೆರಡು ವಾರದಲ್ಲಿ ಹೋಗೋದೂ ಮಾಮೂಲಿ. ಆದರೆ ಹದಿನಾಲ್ಕು ದಿನ ಕಳೆದರೂ ಕಣ್ಣು ಹಳದಿ ಇದ್ದು, ಕಕ್ಕದ ಬಣ್ಣ ಬಿಳುಚಿಕೊಂಡಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡ್ತಿದ್ದರೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ ಅಂತ ಕೂರಬೇಡಿ. ಕೆಲವು ಮಕ್ಕಳಿಗೆ ಪಿತ್ತನಾಳವೇ ಮುಚ್ಚಿಹೋಗುವ ಕಾಯಿಲೆ ಬರುತ್ತೆ. ಜಪಾನಿನ ಮೊರಿಯೊ ಕಸಾಯ್ ಅನ್ನೋ ಸರ್ಜನ್ ಕಂಡುಹಿಡಿದ ಆಪರೇಷನ್ ಇದೆ, ಅವರ ಹೆಸರಲ್ಲೇ ಕರೀತಾರೆ. ಅದನ್ನು ಮಗುವಿಗೆ ಅರವತ್ತು ದಿನ ತುಂಬೋ ಮೊದಲು ಮಾಡಿದರೆ ಫಲ ಜಾಸ್ತಿ. ತಡವಾದಷ್ಟೂ ಲಿವರ್ ಗಟ್ಟಿಯಾಗ್ತಾ ಹೋಗಿ, ಕೊನೆಗೆ ಲಿವರ್ ಕಸಿಯೇ ಗತಿ. ತೈವಾನ್ ದೇಶದಲ್ಲಿ 2004ರಿಂದ ಪ್ರತಿ ತಾಯಿಗೂ ಮಗುವಿನ ಆರೋಗ್ಯ ಪುಸ್ತಕದ ಜೊತೆ ಬಣ್ಣಗಳ ಕಾರ್ಡೊಂದನ್ನು ಕೊಡ್ತಾರೆ. ಡಯಾಪರ್ ಪಕ್ಕ ಕಾರ್ಡ್ ಹಿಡಿದು ಹೋಲಿಸಿ ನೋಡೋದು, ಬಿಳಿಚಿದ ಕಡೆಗಿದ್ದರೆ ಫೋನ್ ಮಾಡೋದು. ಎಷ್ಟು ಸುಲಭ! ನಮ್ಮಲ್ಲಿ ಡಯಾಪರ್ ಸುತ್ತಿ ಕಸಕ್ಕೆ ಹಾಕೋ ಮೊದಲು ಒಂದು ಸಲ ಬೆಳಕಲ್ಲಿ ಬಿಡಿಸಿ ನೋಡೋಕೆ ಕಾರ್ಡೂ ಬೇಕಿಲ್ಲ. ಅನುಮಾನ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳ ಡಾಕ್ಟರಿಗೆ ತೋರಿಸಿ, ಅವರೇನೂ ಬೈಯಲ್ಲ.

ಹಳದಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ಅರಿಶಿನ, ಕ್ಯಾರೆಟ್, ಮಾವಿನಹಣ್ಣಿನ ಕಾಲದ ಹಳದಿಗೆ ಯೋಚನೆ ಬೇಡ. ಆದರೆ ಜಿಡ್ಡುಜಿಡ್ಡಾಗಿ, ನೀರಲ್ಲಿ ತೇಲಿ, ದುರ್ನಾತ ಬರ್ತಾ ವಾರಗಟ್ಟಲೆ ಹಾಗೇ ಇದ್ದರೆ ಕೊಬ್ಬು ಅರಗ್ತಾ ಇಲ್ಲ ಅಂತ. ಮಕ್ಕಳಲ್ಲಾದರೆ ಜಿಯಾರ್ಡಿಯಾ ಅನ್ನೋ ಪರಾವಲಂಬಿ ಜೀವಿ ಇರಬಹುದು. ಡಾಕ್ಟರಿಗೆ ತೋರಿಸಿ.

ಮುದ್ದೆ ಬಿಟ್ಟು ಬ್ರೆಡ್ ಹಿಡಿದ ಮೇಲೆ

ಬಣ್ಣದಷ್ಟೇ ಮುಖ್ಯ ಆಕಾರ. ಇಂಗ್ಲೆಂಡಿನ ಬ್ರಿಸ್ಟಲ್‌ನವರು 1997ರಲ್ಲಿ ಇದಕ್ಕೇ ಅಂತ ಏಳು ಚಿತ್ರದ ಪಟ್ಟಿ ಮಾಡಿದ್ದಾರೆ, ಪ್ರಪಂಚದ ಡಾಕ್ಟರೆಲ್ಲಾ ಅದನ್ನೇ ಬಳಸ್ತಾರೆ. ನಮ್ಮ ಅತ್ತೆಯ ಭಾಷೆಯಲ್ಲಿ ಹೇಳೋದಾದರೆ ಮೊದಲನೇದು ಆಡಿನ ಹಿಕ್ಕೆ, ಕೊನೇದು ನೀರು, ನಡುವಿನ ಬಾಳೆಹಣ್ಣಿನಂಥದ್ದು ಸರಿಯಾದದ್ದು. ಬೆಂಗಳೂರಿಗೆ ಬಂದ ಹೊಸದರಲ್ಲಿ ನನಗೆ ವರ್ಷಗಟ್ಟಲೆ ಆಡಿನ ಹಿಕ್ಕೆಯೇ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬಿಳೀ ಅನ್ನ, ಸಂಜೆ ಬಿಸ್ಕತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರೂ ಇಲ್ಲ. ದಿನಕ್ಕೆ ಸುಮಾರು 30 ಗ್ರಾಂ ಬೇಕು ಅಂತಾರೆ. ಒಂದು ಹೊತ್ತು ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಇದ್ದರೆ ಅರ್ಧಕ್ಕರ್ಧ ದಾರಿ ಮುಗೀತು. ಆದರೆ ಒಂದೇ ಸಲಕ್ಕೆ ಶುರು ಮಾಡಿ ಹೊಟ್ಟೆ ಉಬ್ಬರಿಸಿಕೊಂಡು ನನ್ನನ್ನು ಬೈಬೇಡಿ. ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡೀರಿ. ನೀರಿಲ್ಲದೆ ಬರೀ ನಾರು ತಿಂದರೆ ಇನ್ನೂ ಕಟ್ಟಿಕೊಳ್ಳುತ್ತೆ.

ನಿಮ್ಮ ಹೊಟ್ಟೆ ಎಷ್ಟು ಚುರುಕು ಅಂತ ತಿಳೀಬೇಕಾ? ಮತ್ತೆ ಅದೇ ಬೀಟ್‌ರೂಟ್! ಒಂದು ದಿನ ತಿಂದು ಗಡಿಯಾರ ನೋಡಿಕೊಳ್ಳಿ, ಕೆಂಪು ಯಾವಾಗ ಕಾಣುತ್ತೆ ನೋಡಿ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ. ಹಾಗೇ ಯಾವುದಾದರೂ ಬಣ್ಣದ ಮೇಲೆ ಅನುಮಾನ ಬಂದು, ಮೈಯಲ್ಲಿ ಬೇರೇನೂ ತೊಂದರೆ ಇಲ್ಲದಿದ್ದರೆ ಆ ಪದಾರ್ಥ ಮೂರು ದಿನ ಬಿಟ್ಟು ನೋಡಿ. ಬಣ್ಣ ಮಾಮೂಲಿಗೆ ಬಂದರೆ ಊಟದ್ದು, ಬರದಿದ್ದರೆ ಡಾಕ್ಟರು. ಡಾಂಬರಿನಂಥ ಕಪ್ಪು, ರಕ್ತ, ಸುಣ್ಣದ ಬಿಳಿಗೆ ಮಾತ್ರ ಈ ಮೂರು ದಿನದ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು. ನಮ್ಮ ಊರ ಮನೆಯ ಟಾಯ್ಲೆಟ್ ಹಿತ್ತಲಲ್ಲಿದೆ. ಅದಕ್ಕೊಂದು ಬಲ್ಬೇ ಇರಲಿಲ್ಲ! ಅತ್ತೆ ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬರ್ತಿದ್ದರು. ಎಷ್ಟು ದಿನದಿಂದ ಕಪ್ಪಗಿತ್ತೋ ಯಾರಿಗೆ ಗೊತ್ತು? ಆಸ್ಪತ್ರೆಯಿಂದ ವಾಪಸ್ ಬಿಡೋಕೆ ಹೋದಾಗ ನಮ್ಮೆಜಮಾನ್ರು ಮಾಡಿದ ಮೊದಲ ಕೆಲಸ ಅಲ್ಲಿಗೆ ಬಲ್ಬ್ ಹಾಕಿಸಿದ್ದು. ಊರಲ್ಲಿ ನಿಮ್ಮತ್ತೆಯೋ ತಾಯಿಯೋ ಇದ್ದರೆ, ಮುಂದಿನ ಸಲ ಹೋದಾಗ ಸೀರೆ ಜೊತೆ ಒಂದು ಬಲ್ಬೂ ತಗೊಂಡು ಹೋಗಿ. ಅವರ ಮಾತ್ರೆ ಡಬ್ಬಿಯನ್ನೂ ಒಂದು ಸಲ ನೆಲಕ್ಕೆ ಸುರಿದು ನೋಡಿ. ಯಾವುದನ್ನು ಯಾರು ಬರೆದುಕೊಟ್ಟರು, ಎಷ್ಟು ದಿನದಿಂದ ನಡೀತಿದೆ ಅಂತ ಕೇಳಿ.

ಬಿಟ್ಟುಹೋಗಿದ್ದ ಹರಕೆಯನ್ನು ಆಮೇಲೆ ತೀರಿಸಿ ಬಂದೆವು. ಅತ್ತೆ ಈಗ ವಾರಕ್ಕೊಂದು ಸಲ ಬೆಳಿಗ್ಗೆ ಏಳು ಗಂಟೆಗೇ ಫೋನ್ ಮಾಡ್ತಾರೆ. ಯೋಗಕ್ಷೇಮಕ್ಕೂ ಮೊದಲು ಬಣ್ಣ. "ಇವತ್ತು ಹಸ್ರು ಕಣವ್ವ, ನೆನ್ನೆ ನುಗ್ಗೆಸೊಪ್ಪು ಮಾಡಿದ್ದೆ" ಅಂತ ಅವರು ಜೋರಾಗಿ ಹೇಳ್ತಿದ್ದರೆ, ಫೋನ್ ಸ್ಪೀಕರಿನಲ್ಲಿರೋದು ಮರೆತು ನಾನು ದೋಸೆ ಹುಯ್ತಾ ಇರ್ತೀನಿ. ತಿಂಡಿ ತಟ್ಟೆ ಮುಂದೆ ಕೂತ ನಮ್ಮೆಜಮಾನ್ರು ಚಟ್ನಿ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸ್ತಾರೆ. ಕೊತ್ತಂಬರಿ ಚಟ್ನಿ ಅದು.